ನಾಲ್ಕು ಗಾಲಿ, ನಾಲ್ಕು ಅಳತೆ

ಭೂಮಿ ಸಪಾಟಾಗಿಲ್ಲ ಎಂಬ ಸಂಗತಿಯನ್ನು ಎಲ್ಲರೂ ನಡೆಯಲು ಕಲಿಯುವಾಗಲೇ ಒಪ್ಪಿಕೊಂಡು ತಂತಮ್ಮ ಕೆಲಸಕ್ಕೆ ಹೊರಟುಬಿಡುತ್ತಾರೆ. ನನ್ನ ಭಾವ ಮಾತ್ರ ಅದನ್ನು ತನ್ನ ವಿರುದ್ಧ ಯಾರೋ ಹೂಡಿದ ದಾವೆ ಎಂದೇ ತಿಳಿದಿದ್ದ. ವಕೀಲನಲ್ಲವೇ!

ಭಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆಯ ರೂಢಿಯಂತೆ ಅವನಿಗೆ ನಾನೂ ಭಾವನೇ. ಶಿರಸಿಯ ಕೋರ್ಟಿನಲ್ಲಿ ವಕೀಲಿ. ನಾನು ಅದೇ ಊರಿನ ಶಾಲೆಯಲ್ಲಿ ಗಣಿತದ ಮಾಸ್ತರ. ಊಟ, ವಾಸ ಎರಡೂ ಅಕ್ಕನ ಮನೆಯಲ್ಲಿ. ಮೋಟಾರು ಬಂತೆಂದರೆ ಜನ ಅಂಗಡಿಯಿಂದ ಎದ್ದು ಹೊರಗೆ ಬಂದು ನೋಡುತ್ತಿದ್ದ, ಎರಡನೆಯ ಮಹಾಯುದ್ಧ ಇನ್ನೂ ಶುರುವಾಗದಿದ್ದ ಕಾಲ ಅದು.

ಮನೆಯಿಂದ ಕೋರ್ಟಿಗೆ ಹೋಗುವ ರಸ್ತೆ ಎಡಕ್ಕೆ ಒಂಚೂರು ವಾಲಿದೆ ಎಂದು ಭಾವನ ಸಿದ್ಧಾಂತ. ಹಾಗಾಗಿ ಅವನ ಎಡಗಾಲಿನ ಚಪ್ಪಲಿಗೆ ಎರಡು ಅಟ್ಟೆ, ಬಲಗಾಲಿನದಕ್ಕೆ ಒಂದೇ. ಸಂಜೆ ತಿರುಗಿ ಬರುವಾಗ ಅದೇ ರಸ್ತೆ ಬಲಕ್ಕೆ ವಾಲುತ್ತದಲ್ಲ! ಅದಕ್ಕೆಂದು ಬಲಗಾಲಿಗೆ ಎರಡು ಅಟ್ಟೆ ಹೊಡೆಸಿದ ಇನ್ನೊಂದು ಜೊತೆ ಕೋರ್ಟಿನ ಚೀಲದಲ್ಲಿ, ಕಕ್ಷಿದಾರರ ಕಾಗದಪತ್ರಗಳ ಪಕ್ಕದಲ್ಲೇ ಮಲಗಿರುತ್ತಿತ್ತು. ಒಂದು ದಿನ ಗಡಿಬಿಡಿಯಲ್ಲಿ ಎರಡೂ ಕಾಲಿಗೆ ದಪ್ಪ ಅಟ್ಟೆಯದನ್ನೇ ಮೆಟ್ಟಿಕೊಂಡು ಬಂದವನು ಜಗಲಿಯಲ್ಲಿ ನಿಂತು ಗಾಬರಿಯಿಂದ ಹೇಳಿದ: "ಭಾವಾ, ಇವತ್ತು ಶಿರಸಿ ಒಂದು ಬೆರಳು ಕೆಳಗೆ ಹೋಯ್ದು!"

ಇಂಥವನ ಕೈಗೆ ಒಂದು ಕಾರು ಸಿಕ್ಕರೆ?

ಸಿಕ್ಕಿತು. ಅರಣ್ಯ ಖಾತೆಯ ದೊರೆಯೊಬ್ಬ ವಿಲಾಯತಿಗೆ ತಿರುಗಿ ಹೋಗುವಾಗ ತನ್ನ ಬಂಗಲೆಯ ಸಾಮಾನೆಲ್ಲ ಲಿಲಾವು ಹಾಕಿದ. ಉಳಿದವರು ಕುರ್ಚಿ, ಮೇಜು, ಪಿಂಗಾಣಿ ಬಟ್ಟಲು ಕೊಂಡರು. ನಮ್ಮ ಭಾವ ಕೊಂಡದ್ದು ಹಸಿರು ಬಣ್ಣದ ಸ್ಪೋರ್ಟ್ಸ್ ಕಾರು! ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಬಾಗಿಲು ಹೆಸರಿಗೆ ಮಾತ್ರ. ಮೂತಿ ಉದ್ದ, ಆ ಮೂತಿಯ ಮೇಲೆ ಕುದುರೆಗೆ ಬಿಗಿದ ಹಾಗೆ ತೊಗಲಿನ ಪಟ್ಟಿ. ಗಾಲಿಗಳಿಗೆ ಸೈಕಲ್ಲಿನಂತೆ ತಂತಿಯ ಕಡ್ಡಿಗಳು. ಒಳ್ಳೆಯ ರಸ್ತೆ ಸಿಕ್ಕರೆ ರೈಲನ್ನೂ ಹಿಂದೆ ಹಾಕುತ್ತದೆ ಎಂದು ದೊರೆ ಹೇಳಿದ್ದನಂತೆ. ಆದರೆ ಎರಡು ಮಳೆಗಾಲ ಕೊಟ್ಟಿಗೆಯಲ್ಲಿ ನಿಂತು ಅದರ ಟೈರುಗಳು ಹಪ್ಪಳದ ಹಾಗೆ ಒಡೆದಿದ್ದವು, ಗಾಲಿಗಳ ಬಳೆಗೆ ತುಕ್ಕು ಹಿಡಿದಿತ್ತು. ಎಂಜಿನ್ನು ಮಾತ್ರ ಗಟ್ಟಿ. ಕೊನೆಗೆ ಎರಡು ಎತ್ತು ಕಟ್ಟಿ ಊರೊಳಗೆ ಎಳೆಸಿಕೊಂಡು ಬಂದರು. ಭಾವ ಒಳಗೆ ಕೂತು ಸ್ಟೀರಿಂಗ್ ಹಿಡಿದು, ಪ್ರತಿ ತಿರುವಿನಲ್ಲೂ ಗಂಭೀರವಾಗಿ ಹಾರ್ನು ಬಾರಿಸುತ್ತಿದ್ದ. ಎತ್ತುಗಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಮನೆಯ ಮುಂದೆ ಗುಂಪು ಕೂಡಿತು. ಅಕ್ಕ ಬಾಗಿಲಿಗೆ ಬಂದಳು, ಕಾರನ್ನು ನೋಡಿದಳು, ಒಳಗೆ ಹೋದಳು.

ಇಲ್ಲಿ ಅಕ್ಕನ ವಿಷಯ ಹೇಳಲೇಬೇಕು. ಮೊದಲಿನ ಅಕ್ಕನಾಗಿದ್ದರೆ ಆ ಕಾರು ಎತ್ತಿನ ಸಮೇತ ತಿರುಗಿ ಬಂಗಲೆಗೆ ಹೋಗುತ್ತಿತ್ತು! ಭಾವ ಊಟದ ಮಣೆಗೆ ಒಂದು ಬದಿ ಚಕ್ಕೆ ಕೊಟ್ಟು ಸಮ ಮಾಡಲು ಹೊರಟಾಗ, "ಮಣೆ ಸಮ ಇದ್ದು, ಕೂತವ್ರು ವಾರೆ ಇದ್ರು" ಎಂದು ನೆಂಟರೆದುರಿಗೇ ಹೇಳಿದವಳು ಅವಳು. ಕೋರ್ಟಿನಲ್ಲಿ ಯಾರಿಗೂ ಸೋಲದ ಭಾವ ಮನೆಯಲ್ಲಿ ದಿನವೂ ಸೋತು, ಸೋತದ್ದಕ್ಕೆ ಖುಷಿಪಟ್ಟು, ಮತ್ತೊಂದು ಕಪ್ಪು ಚಾ ಕೇಳುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಅವರ ಮಗಳು, ಇನ್ನೂ ಸರಿಯಾಗಿ ಮಾತೇ ಬಾರದ ಕೂಸು, ಜ್ವರ ಬಂದು ತೀರಿಕೊಂಡಿತು. ಅಂದಿನಿಂದ ಅಕ್ಕ ಮಾತು ಬಿಟ್ಟಳು. ಅಡಿಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು. ಕೇಳಿದ್ದಕ್ಕೆ "ಹೂಂ" ಅಥವಾ "ಇಲ್ಲೆ". ಅದರಾಚೆ ಒಂದು ಶಬ್ದವಿಲ್ಲ. ಜಗಳಕ್ಕೂ ಬಾರದ ಅಕ್ಕನನ್ನು ನೋಡುವುದು ನನಗೇ ಕಷ್ಟವಾಗುತ್ತಿತ್ತು. ಭಾವನಿಗೆ ಹೇಗಾಗುತ್ತಿತ್ತೋ, ಅವನು ಹೇಳಲಿಲ್ಲ. ಗಾಲಿಗಳ ಬಗ್ಗೆ ಮಾತ್ರ ಮಾತಾಡಿದ. ವಿಪರೀತ ಮಾತಾಡಿದ!

ಶಿರಸಿಯಿಂದ ಯಲ್ಲಾಪುರಕ್ಕೆ ಮೋಟಾರು ಸರ್ವಿಸು ನಡೆಸುತ್ತಿದ್ದ ಸಾಹೇಬರೊಬ್ಬರಿದ್ದರು. ಬಸ್ಸಿನ ಮಾಲೀಕರೂ ಅವರೇ, ರಿಪೇರಿಯೂ ಅವರದೇ. ದೊಡ್ಡ ಆಳು, ಮೆಹಂದಿ ಹಚ್ಚಿದ ಗಡ್ಡ, ಯಾವ ಹೊಸ ಹುಚ್ಚಾಟವಿದ್ದರೂ ಒಂದು ಕೈ ನೋಡಿಯೇಬಿಡುವ ಉತ್ಸಾಹ. ಅವರ ಶೆಡ್ಡಿಗೆ ಕಾರು ಹೋಯಿತು, ಹಿಂದೆ ಭಾವ ಹೋದ, ಅವನ ಹಿಂದೆ ನಾನು.

"ಹತ್ತೊಂಬತ್ತು ಇಂಚಿನ ಗಾಲಿ ನಾಲ್ಕು ಹುಬ್ಬಳ್ಳಿಯಿಂದ ತರಿಸ್ತೀನಿ ವಕೀಲ್ರೇ, ಮುಗೀತು," ಎಂದರು ಸಾಹೇಬರು.

"ನಾಲ್ಕೂ ಒಂದೇ ಅಳತೆ ಇರ್ಬೇಕು ಅಂತ ಯಾವ ಕಾಯ್ದೆಯಲ್ಲಿ ಉಂಟು?"

"ಕಾಯ್ದೆ ಗೀಯ್ದೆ ನಂಗೊತ್ತಿಲ್ರೀ. ಎಲ್ಲಾರೂ ಹಂಗೇ ಹಾಕ್ತಾರೆ."

"ಎಲ್ಲರೂ ಮಾಡ್ತಾರೆ ಅನ್ನೋದು ಸಾಕ್ಷಿ ಅಲ್ಲ ಸಾಹೇಬ್ರೇ. ನೀವು ಮೊಲ ನೋಡಿದ್ದೀರೋ?"

"ನೋಡೀನ್ರೀ. ತಿಂದೂ ಇದ್ದೀನಿ."

"ಅದರ ಹಿಂಗಾಲು ಉದ್ದವೋ, ಮುಂಗಾಲು ಉದ್ದವೋ?"

"ಹಿಂಗಾಲು."

"ಅದಕ್ಕೇ ಗುಡ್ಡ ಹತ್ತುವಾಗ ಅದು ಯಾರ ಕೈಗೂ ಸಿಗೋದಿಲ್ಲ!"

ಸಾಹೇಬರು ಗಡ್ಡ ನೀವಿಕೊಂಡರು. "ಇಳಿಯೋವಾಗ ಪಲ್ಟಿ ಹೊಡೀತದ್ರೀ."

ಇಳಿಯುವ ಮಾತು ಭಾವನ ಕಿವಿಗೆ ಬೀಳಲಿಲ್ಲ. ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಏರು ಬರೆದ, ಏರಿನ ಮೇಲೆ ಒಂದು ಕಾರು. ಘಟ್ಟ ಹತ್ತುವಾಗ ಕಾರಿನ ಹಿಂಬದಿ ತಗ್ಗುತ್ತದೆ. ಹಿಂದೆ ದೊಡ್ಡ ಗಾಲಿ ಹಾಕಿದರೆ ಅಷ್ಟು ಎತ್ತರ ಸಿಕ್ಕಿ ಕಾರು ನೆಲದಷ್ಟೇ ಸಪಾಟು! ಎಷ್ಟು ಇಂಚು ಬೇಕೆಂದು ಲೆಕ್ಕ ಹಾಕು ಎಂದು ನನಗೆ ಇದ್ದಿಲು ಕೊಟ್ಟ. ಲೆಕ್ಕದ ಪ್ರಕಾರ ಹಿಂದಿನ ಗಾಲಿ ನನ್ನ ಎದೆಯ ಮಟ್ಟ ಬರಬೇಕಿತ್ತು. ಭಾವ ಒಂದು ಕ್ಷಣ ಆಸೆಯಿಂದ ಎತ್ತಿನಗಾಡಿಯೊಂದರ ಕಡೆ ನೋಡಿದ. ನಾನು ಕೈ ಹಿಡಿದುಕೊಂಡೆ. ಕೊನೆಗೆ ಮುಂದೆ ಹದಿನೆಂಟು, ಹಿಂದೆ ಇಪ್ಪತ್ತೊಂದು ಎಂದು ರಾಜಿಯಾಯಿತು.

"ಆಗ್ಲಿ ಬಿಡ್ರೀ," ಎಂದರು ಸಾಹೇಬರು. "ನಂಗೂ ನೋಡ್ಬೇಕಾಗ್ಯದೆ."

ಗಾಲಿ ಬಂತು, ಕೂತಿತು. ಕಾರು ನಿಂತ ಭಂಗಿ ಹೇಗಿತ್ತೆಂದರೆ, ದೊಡ್ಡವರ ಕಾಲಿಗೆ ಬೀಳಲು ಹೊರಟು ಅರ್ಧಕ್ಕೆ ನಿಂತ ಮದುಮಗನಂತೆ! ಮೊದಲ ಸವಾರಿ ಸಿದ್ದಾಪುರಕ್ಕೆ. ಅಲ್ಲಿ ಭಾವನಿಗೆ ಒಬ್ಬ ಕಕ್ಷಿದಾರನ ಕೆಲಸವಿತ್ತು. ಏರು ಬಂದಾಗ, ಒಪ್ಪಬೇಕು, ಕಾರು ನಿಜಕ್ಕೂ ಸಪಾಟು. ಭಾವ ಹೆಮ್ಮೆಯಿಂದ ನನ್ನ ಕಡೆ ನೋಡಿದ. ಆದರೆ ಶಿರಸಿ–ಸಿದ್ದಾಪುರ ರಸ್ತೆಯಲ್ಲಿ ಎಷ್ಟು ಏರಿದೆಯೋ ಅಷ್ಟೇ ಇಳಿತವೂ ಇದೆಯಲ್ಲ! ಮೊದಲ ಇಳಿತದಲ್ಲಿ ಭಾವನ ಕೋರ್ಟಿನ ಚೀಲ ಜಾರಿ ನನ್ನ ಕಾಲಿಗೆ ಬಂತು. ಎರಡನೆಯದರಲ್ಲಿ ನಾನೇ ಜಾರಿ ಚೀಲದ ಮೇಲೆ ಕೂತೆ. ಮೂರನೆಯದರಲ್ಲಿ ಭಾವನ ರುಮಾಲು ಹಾರಿ ಕಾರಿನ ಮೂತಿಯ ಮೇಲೆ ಕೂತಿತು. ಅಲ್ಲಿಂದ ಮುಂದೆ ಎದುರು ಬಂದವರೆಲ್ಲ ಕಾರಿಗೇ ನಮಸ್ಕಾರ ಮಾಡಿದರು.

ಸಿದ್ದಾಪುರದ ಪೇಟೆಯಲ್ಲಿ ಕಾರು ನಿಲ್ಲಿಸಿದಾಗ ಮುದುಕರೊಬ್ಬರು ಊರುಗೋಲು ಹಿಡಿದು ಸುತ್ತ ಒಂದು ಬಳಸು ಬಂದರು. ನೆಲ ಮೂಸುವಂತೆ ನಿಂತ ಅದರ ಮೂತಿ ನೋಡಿದರು. ಆಮೇಲೆ ತಾವೂ ಬಗ್ಗಿ ನೆಲ ನೋಡತೊಡಗಿದರು.

"ಎಂತ ಕಳದು ಹೋತು ವಕೀಲ್ರೇ? ನಿಮ್ಮ ಗಾಡಿ ಎಂತದೋ ಹುಡುಕ್ತಾ ಇದ್ದಾಂಗೆ ಕಾಣ್ತು!"

ಭಾವನಿಗೆ ಅವಮಾನವಾಯಿತೆಂದುಕೊಂಡಿರಾ? ಬರುವಾಗ ಇಡೀ ದಾರಿ ಯೋಚಿಸುತ್ತ ಬಂದ. ಮನೆ ಮುಟ್ಟುವ ಹೊತ್ತಿಗೆ ಉಪಾಯ ಹೊಳೆದಿತ್ತು. "ಭಾವಾ, ಹತ್ತಲೆ ಹಿಂದೆ ದೊಡ್ಡದು. ಇಳಿಯಲೆ ಮುಂದೆ ದೊಡ್ಡದು. ಘಟ್ಟದ ತಲೆಯಲ್ಲಿ ನಿಂತು ಅದಲು ಬದಲು ಮಾಡಿದ್ರಾತು!"

"ಪ್ರತಿ ಘಟ್ಟಕ್ಕೂನಾ?"

"ಎಂತಕ್ಕೆ ಆಗ್ತಿಲ್ಲೆ? ಗಾಲಿಗೆ ಒಂದೇ ನಟ್ಟು ಇದ್ದು. ಸುತ್ತಿಗೆಯಿಂದ ನಾಕು ಬಡಿದ್ರೆ ಬತ್ತು."

ದೊರೆಗಳ ದೇಶದಲ್ಲಿ ಪಂದ್ಯದ ನಡುವೆ ಗಾಲಿ ಬೇಗ ಬದಲಿಸಲೆಂದು ಹಾಗೆ ನಡುವಿನಲ್ಲಿ ಒಂದೇ ನಟ್ಟು ಇಟ್ಟಿರುತ್ತಾರಂತೆ. ಕಾರು ಮಾಡಿದ ಪುಣ್ಯಾತ್ಮ ನಮ್ಮ ಭಾವನನ್ನು ಕಂಡಿದ್ದರೆ ಗಾಲಿಗಳನ್ನು ಬೆಸುಗೆ ಹಾಕಿಯೇ ಕಳಿಸುತ್ತಿದ್ದ!

ಅವತ್ತು ಊಟಕ್ಕೆ ಕೂತಾಗ ಭಾವ ಈ ಉಪಾಯವನ್ನೆಲ್ಲ ಅಕ್ಕನಿಗೆ ಕೇಳಿಸುವಂತೆ ದೊಡ್ಡ ದನಿಯಲ್ಲಿ ನನಗೆ ವಿವರಿಸಿದ. ಎರಡು ಬಟ್ಟಲು, ಎರಡು ಲೋಟ ಇಟ್ಟು ತೋರಿಸಿದ. ಅಕ್ಕ ಮಜ್ಜಿಗೆ ಬಡಿಸಿ, ಬಟ್ಟಲು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಭಾವ ಅವಳು ಹೋದ ಬಾಗಿಲನ್ನೇ ತುಸು ಹೊತ್ತು ನೋಡಿ, ಮತ್ತೆ ನನಗೆ ಗಾಲಿಯ ವಿಷಯ ಶುರುಮಾಡಿದ.

ಗಾಲಿ ಬದಲಿಸುವ ಪ್ರಯೋಗಕ್ಕೆ ಅವನು ಆರಿಸಿದ್ದು ಯಾವ ಘಟ್ಟವನ್ನು? ಯಲ್ಲಾಪುರ ದಾಟಿ ಅಂಕೋಲೆಯ ದಾರಿಗೆ ಸಿಗುವ ಅರಬೈಲ್ ಘಟ್ಟವನ್ನು! ಅಲ್ಲಿ ಬಸ್ಸಿನ ಡ್ರೈವರುಗಳೇ ದೇವರನ್ನು ನೆನೆದು ಬ್ರೇಕಿನ ಮೇಲೆ ಕಾಲಿಡುತ್ತಿದ್ದರು. ಹೊರಡುವ ಮುಂಚೆ ಸಾಹೇಬರು ನನ್ನನ್ನು ಬದಿಗೆ ಕರೆದು, "ಮಾಸ್ತರ್ರೇ, ದಾರಿ ಬದಿಗೆ ಚಂದಗುಳಿ ಸಿಗ್ತದಲ್ಲ, ನಿಮ್ಮ ಗಣಪತಿಗೆ ಒಂದು ಗಂಟಿ ಹರಕೆ ಹೇಳ್ಕೊಂಡು ಹೋಗ್ರಿ. ದೊಡ್ಡದೇ ಹೇಳ್ಕೊಳ್ಳಿ," ಎಂದರು. ಹೇಳಿಕೊಂಡೆ. ಅಲ್ಲಿ ತೂಗಿದ ಅಷ್ಟೊಂದು ಗಂಟೆಗಳನ್ನು ನೋಡಿದಾಗ, ನನ್ನಂಥ ಭಾವಂದಿರು ಇಷ್ಟು ಜನ ಇದ್ದಾರೆಯೇ ಎಂದು ಸಮಾಧಾನವೂ ಆಯಿತು.

ಘಟ್ಟದ ತಲೆಯಲ್ಲಿ ಕಾರು ನಿಂತಿತು. ಭಾವ ಕೋಟು ಕಳಚಿ, ಜಾಕು ಕೊಟ್ಟು, ಸುತ್ತಿಗೆ ಎತ್ತಿದ. ಹಿಂದಿನ ಎಡದ ದೊಡ್ಡ ಗಾಲಿ ಕೈಗೆ ಬಂತು. "ಹಿಡಕ ಭಾವಾ," ಎಂದ. ನಾನು ಹಿಡಿದುಕೊಂಡೆ. ಅಷ್ಟರಲ್ಲಿ ಒಂದು ನೊಣ ನನ್ನ ಮೂಗಿನ ಮೇಲೆ ಕೂತಿತು. ಮೂಗಿನ ಮೇಲೆ ನೊಣ ಕೂತಾಗ ಮನುಷ್ಯ ಏನು ಮಾಡುತ್ತಾನೆ? ಗಾಲಿ ಹೊರಟಿತು.

ಮೊದಲು ನಿಧಾನವಾಗಿ, ಸಂಜೆಯ ಹವಾ ಸೇವನೆಗೆ ಹೊರಟ ಪಿಂಚಣಿದಾರನಂತೆ. ಆಮೇಲೆ ತುಸು ಚುರುಕಾಗಿ. ಆಮೇಲೆ, ದೊರೆ ಹೇಳಿದ್ದ ರೈಲಿನ ಮಾತು ನೆನಪಾದ ಹಾಗೆ! ನಾನು ಕೂಗುತ್ತ ಹಿಂದೆ ಓಡಿದೆ. ಭಾವ ಓಡಲಿಲ್ಲ. ಸುತ್ತಿಗೆ ಹಿಡಿದು ನಿಂತಲ್ಲೇ ನಿಂತು, ಮುಖವರಳಿಸಿ ಕೂಗಿದ:

"ನೋಡಾ ಭಾವಾ! ಎಷ್ಟು ಸಮ ಹೋಗ್ತಾ ಇದ್ದು!"

ಗಾಲಿ ತಿರುವಿನಲ್ಲಿ ಮರೆಯಾಯಿತು. ಕೆಳಗಿನಿಂದ ಜೋರಾಗಿ ಹಾರ್ನಿನ ಸದ್ದು. ಸ್ವಲ್ಪ ಹೊತ್ತಿಗೆ ಅಂಕೋಲೆ ಕಡೆಯ ಬಸ್ಸೊಂದು ಏದುಸಿರು ಬಿಡುತ್ತ ಮೇಲೆ ಬಂತು. ಡ್ರೈವರು ತಲೆ ಹೊರಗೆ ಹಾಕಿ, "ನಿಮ್ಮ ಗಾಲಿಗೆ ಸೈಡು ಕೊಟ್ಟೆ ಮಾರಾಯ್ರೇ. ಗಾಡಿ ಹಿಂದಿಂದ ಬತ್ತದೆ ಅಂತ ಮತ್ತೂ ಕಾದೆ," ಎಂದು ದೂರು ಹೇಳಿದ.

ಕೆಳಗೆ ಅರಬೈಲಿನಲ್ಲಿ ಒಂದು ಚಾದಂಗಡಿ. ಗಾಲಿ ಅದರ ಬೆಂಚಿಗೆ ಒರಗಿ, ನಾಲ್ಕು ಜನ ಗಿರಾಕಿಗಳ ನಡುವೆ ಅವರಲ್ಲೊಬ್ಬನಂತೆ ಕೂತಿತ್ತು. ಬರುವಾಗ ಒಂದು ಬಾಳೆಗೊನೆಯನ್ನು ಉರುಳಿಸಿಕೊಂಡೇ ಬಂದಿತ್ತು. ಅಷ್ಟು ಹೊತ್ತಿಗೆ ನಡೆದು ಬಂದಿದ್ದ ಭಾವ ಅಲ್ಲೇ ವಾದಕ್ಕೆ ನಿಂತ.

"ಗಾಲಿ ನನ್ನದು, ಒಪ್ಪಿದೆ. ಆದರೆ ಉರುಳಿದ್ದು ಗಾಲಿಯ ತಪ್ಪಲ್ಲ, ಇಳಿಜಾರಿನದು."

ಅಂಗಡಿಯವನು ತಲೆಯಾಡಿಸಿದ. "ಇಳಿಜಾರಿಗೆ ನಾ ಎಲ್ಲಿಂದ ಬಾಳೆಹಣ್ಣು ಕೇಳ್ಲಿ ಒಡೆಯಾ? ನೀವೇ ಕೂತು ತಿಂದು ಮುಗ್ಸಿ."

ಭಾವ ಆ ಗೊನೆಯನ್ನೇ ಕೊಂಡ. ತಿಂದೆವು. ಇಬ್ಬರೂ ಸರತಿಯಲ್ಲಿ ಗಾಲಿಯನ್ನು ಘಟ್ಟದ ಮೇಲಕ್ಕೆ ಉರುಳಿಸಿದೆವು. ಗಾಲಿಗಳ ಅದಲು ಬದಲು ಮುಗಿಯಿತು. ಇಳಿತದಲ್ಲಿ ಪರೀಕ್ಷೆಗೆಂದು ಭಾವ ನನ್ನ ಮುಂದೆ ಒಂದು ಲೋಟ ತುಂಬ ನೀರಿಟ್ಟ. ಆಶ್ಚರ್ಯ ನೋಡಿ, ಅಷ್ಟು ಕಡಿದಾದ ಇಳಿತದಲ್ಲೂ ನೀರು ತುಳುಕಲಿಲ್ಲ! ಭಾವ ಗೆಲುವಿನಿಂದ ಹಾರ್ನು ಬಾರಿಸಿದ. ಮೊದಲ ತಿರುವು ಬಂತು. ಇಡೀ ಲೋಟ ನನ್ನ ಮಡಿಲಿಗೆ ಮಗುಚಿಕೊಂಡಿತು.

ತಿರುವುಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ!

ಬೇರೆ ಯಾರಾದರೂ ಇಲ್ಲಿಗೆ ಬಿಡುತ್ತಿದ್ದರು. ಭಾವ ಒದ್ದೆಯಾದ ನನ್ನ ಪಂಚೆಯನ್ನು ಒಂದು ಮುಖ್ಯ ಪುರಾವೆಯಂತೆ ದಿಟ್ಟಿಸಿ ನೋಡಿ ಹೇಳಿದ: "ತಿರುವಲ್ಲಿ ಗಾಡಿ ಹೊರಗೆ ವಾಲ್ತು. ಅಂದ್ರೆ ಎಡದ ಗಾಲಿಗೂ ಬಲದ ಗಾಲಿಗೂ ವ್ಯತ್ಯಾಸ ಬೇಕು."

"ಒಂದು ತಿರುವು ಎಡಕ್ಕೆ, ಇನ್ನೊಂದು ಬಲಕ್ಕೆ ಇರ್ತಲಾ ಭಾವಾ?"

"ಹೌದು!" ಎಂದು ಸ್ಟೀರಿಂಗ್ ಬಿಟ್ಟು ನನ್ನ ಬೆನ್ನು ತಟ್ಟಿದ. "ಅದಕ್ಕೇಯ! ನಾಕು ಗಾಲಿಗೆ ನಾಕು ಅಳತೆ!"

ತಿರುಗಿ ಬಂದು ಶಿರಸಿಯಲ್ಲಿ ಈ ತೀರ್ಪು ಓದಿ ಹೇಳಿದಾಗ, ಯಾವುದಕ್ಕೂ ಹಿಂಜರಿಯದ ಸಾಹೇಬರೇ ಕೂತುಬಿಟ್ಟರು. "ವಕೀಲ್ರೇ, ಬಸ್ಸಿಗೆ ದಿನಾ ನೂರು ತರಹದ ಜನ ಹತ್ತುತಾರೆ. ನಿಮ್ಮಂಥ ಅಳತೆಯವರನ್ನ ನಾ ಕಂಡಿಲ್ಲ," ಎಂದರು. ಆದರೂ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು ಎಂದು ನಾಲ್ಕು ಬಗೆಯ ಗಾಲಿಗಳನ್ನು ಎಲ್ಲೆಲ್ಲಿಂದಲೋ ಹೊಂದಿಸಿ ಕಳಿಸಿದರು. ಅವರಿಗೂ ನೋಡಬೇಕಾಗಿತ್ತಲ್ಲ!

ಅವತ್ತು ಭಾನುವಾರ. ಭಾವ ನಾಲ್ಕೂ ಗಾಲಿಗಳನ್ನು ಮನೆಯ ನಡುಕೋಣೆಗೇ ತಂದು ಸಾಲಾಗಿ ಮಲಗಿಸಿದ. ಯಾವುದು ಎಲ್ಲಿಗೆ ಎಂದು ನಮ್ಮಿಬ್ಬರ ನಡುವೆ ಘನಘೋರ ವಾದ ಶುರುವಾಯಿತು. ಇಪ್ಪತ್ತನ್ನು ಮುಂದೆ ಬಲಕ್ಕೆ ಹಾಕಬೇಕೆಂದು ಅವನು, ಹಿಂದೆ ಎಡಕ್ಕೆಂದು ನಾನು. ಹೌದು, ಅಷ್ಟರಲ್ಲಿ ನನಗೂ ಹಿಡಿದಿತ್ತು! ಭಾವ ಸೀಮೆಸುಣ್ಣದಿಂದ ಕೆಂಪು ಗಾರೆಯ ನೆಲದ ತುಂಬ ಅರಬೈಲ್ ಘಟ್ಟ ಬರೆದ. ಅದರ ಒಂದು ತಿರುವು ಅಡಿಗೆಮನೆಯ ಹೊಸಿಲು ದಾಟಿ ಒಲೆಯ ಬುಡದವರೆಗೂ ಹೋಯಿತು.

ಅಕ್ಕ ಅನ್ನದ ತಪ್ಪಲೆ ಹಿಡಿದು ಬಂದಳು. ಹದಿನೆಂಟನ್ನು ದಾಟಿದಳು. ಹತ್ತೊಂಬತ್ತನ್ನು ದಾಟಿದಳು. ಇಪ್ಪತ್ತಕ್ಕೆ ಸೀರೆಯ ನೆರಿಗೆ ಸಿಕ್ಕಿತು. ನಿಂತಳು. ತಪ್ಪಲೆಯನ್ನು ನೆಲಕ್ಕಿಟ್ಟಳು. ನೆರಿಗೆ ಬಿಡಿಸಿಕೊಂಡು, ನಾಲ್ಕು ಗಾಲಿಗಳನ್ನೂ ಒಲೆಯ ಬುಡದ ಘಟ್ಟವನ್ನೂ ನೆಲದ ಮೇಲೆ ಮಂಡಿಯೂರಿ ಕೂತ ಗಂಡನನ್ನೂ ನೋಡಿದಳು.

"ನಾಕಕ್ಕೂ ಒಂದೇ ಅಳತೆ ಹಾಕ್ಸಿ," ಎಂದಳು.

ನನ್ನ ಕೈಯ ಸೀಮೆಸುಣ್ಣ ಹಾಗೇ ನಿಂತಿತು. ಈಗ ಭಾವ ಮೊಲದ ಮಾತು ತೆಗೆಯುತ್ತಾನೆ, ಕಾಯ್ದೆ ಕೇಳುತ್ತಾನೆ ಎಂದು ಕಾದೆ. ಅವನು ಎದ್ದು ನಿಲ್ಲಲು ಹೋಗಿ ಮತ್ತೆ ಕೂತ.

"ಆತು," ಎಂದ.

"ಹಾಕ್ಸಿದ್ರೆ ಆನೂ ಬತ್ತೆ. ಗುಡ್ನಾಪುರದ ಕೆರೆ ತುಂಬಿದ್ದಡ." ಅಕ್ಕ ತಪ್ಪಲೆ ಎತ್ತಿಕೊಂಡಳು. "ಮೊದ್ಲು ಈ ನೆಲ ಒರೆಸಿ. ಘಟ್ಟ ತುಳಕಂಡು ಎಷ್ಟು ಸಲ ಓಡಾಡಲಿ ಆನು?"

ವಕೀಲನೂ ಮಾಸ್ತರನೂ ಸೇರಿ ಅರಬೈಲ್ ಘಟ್ಟವನ್ನು ಒದ್ದೆ ಬಟ್ಟೆಯಿಂದ ಒರೆಸಿದೆವು. ಭಾವ ಬಹಳ ನಿಧಾನವಾಗಿ ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ. ನಾನು ಅವನ ಮುಖ ನೋಡಲು ಹೋಗಲಿಲ್ಲ. ಊಟ ಮುಗಿಯುವುದೇ ತಡ, ಬರಿಗಾಲಲ್ಲಿ ಶೆಡ್ಡಿಗೆ ಓಡಿದ. ಬಸ್ಸಿನಡಿ ಮಲಗಿ ಕೆಲಸ ಮಾಡುತ್ತಿದ್ದ ಸಾಹೇಬರನ್ನು ಎಬ್ಬಿಸಿ, ನಾಲ್ಕೂ ಹತ್ತೊಂಬತ್ತು ಬೇಕು, ಇವತ್ತೇ ಬೇಕು ಎಂದ.

"ಅರೆ! ಕಾಯ್ದೆ ಎಲ್ಲಿ ಹೋಯ್ತು? ಯಾರು ಹೇಳಿದ್ರು ನಿಮಗೆ?"

"ಮನೆಯವಳು ಮಾತಾಡಿದ್ಲು ಸಾಹೇಬ್ರೇ."

ಇಡೀ ಊರಿಗೆ ಗೊತ್ತಿದ್ದ ವಿಷಯ ಅವರಿಗೂ ಗೊತ್ತಿತ್ತು. ಸಾಹೇಬರು ಮತ್ತೇನೂ ಕೇಳದೆ ಕೈ ಒರೆಸಿಕೊಂಡು, ಹುಬ್ಬಳ್ಳಿಗೆ ಹೊರಟಿದ್ದ ಲಾರಿಯನ್ನು ಕೂಗಿ ನಿಲ್ಲಿಸಿದರು.

ಗಾಲಿಗಳು ಅವತ್ತೇ ಬರಲಿಲ್ಲ. ಆ ವಾರದಲ್ಲೇ ಬಂದವು. ಒಂದು ಬೆಳಿಗ್ಗೆ ಅಕ್ಕ ಬುತ್ತಿ ಕಟ್ಟಿಕೊಂಡು, ಸೆರಗು ಬಿಗಿಯಾಗಿ ಸುತ್ತಿಕೊಂಡು ಕಾರಿನಲ್ಲಿ ಕೂತಳು. ಎರಡೇ ಸೀಟು. ನಾನೂ ಸಾಹೇಬರೂ ರಸ್ತೆಯಲ್ಲಿ ನಿಂತೆವು. ಕಾರು ಹೊರಟು ಪೇಟೆಯ ಕೊನೆಯ ಅಂಗಡಿ ದಾಟುವಷ್ಟರಲ್ಲಿ ಅಡ್ಡ ಒಂದು ಎಮ್ಮೆ ಬಂತು, ಬ್ರೇಕು ಕಿರುಚಿತು. ಅದಕ್ಕಿಂತ ಜೋರಾಗಿ ಅಕ್ಕನ ದನಿ ಕೇಳಿಸಿತು. ಕಾರು ಮತ್ತೆ ಹೊರಟರೂ ಆ ದನಿ ನಿಲ್ಲಲಿಲ್ಲ. ಭಾವನ ರುಮಾಲು ಹೌದು ಹೌದು ಎನ್ನುವಂತೆ ಅಲ್ಲಾಡುತ್ತಲೇ ಇತ್ತು.

ವರ್ಷಗಟ್ಟಲೆ ಬಸ್ಸಿನ ಎಂಜಿನ್ನಿನ ಸದ್ದು ಕೇಳಿ ಸಾಹೇಬರ ಕಿವಿ ಅಷ್ಟಕ್ಕಷ್ಟೇ. "ಏನಂತಾರೆ ಮಾಸ್ತರ್ರೇ ಅಕ್ಕೋರು?" ಎಂದು ಕೇಳಿದರು.

"ಬಯ್ತಾ ಇದ್ದಾಳೆ ಸಾಹೇಬ್ರೇ," ಎಂದೆ.

ಸಾಹೇಬರು ದುವಾ ಮಾಡುವವರಂತೆ ಎರಡೂ ಅಂಗೈ ಮೇಲೆತ್ತಿ, ಕಣ್ಣು ಮುಚ್ಚಿ, ಮುಖಕ್ಕೆ ಒತ್ತಿಕೊಂಡರು.